ಬಣ್ಣ ತಿಂದ ಬೆಳಕು

2018ರ ಬೇಸಿಗೆ. ಬನಶಂಕರಿ ಮೂರನೇ ಹಂತದಲ್ಲಿರುವ ನಮ್ಮ ಸೋದರಮಾವನ ಮನೆಗೆ ಪೇಂಟ್ ಮಾಡಿಸ್ತಾ ಇದ್ರು. ಗೋಡೆ ಮೇಲಿನ ಚಿತ್ರಗಳನ್ನು ಇಳಿಸಿಕೊಡು ಅಂತ ಅತ್ತೆ ಫೋನ್ ಮಾಡಿದ್ದಕ್ಕೆ ಭಾನುವಾರ ಹೋಗಿದ್ದೆ. ಹಾಲ್‌ನಲ್ಲಿದ್ದ ದೊಡ್ಡ ಚಿತ್ರ ಇಳಿಸುವಾಗ ಹಿಂದಿನ ಹಲಗೆ ಕಿತ್ತು ಬಂತು. ಗಾಜು ಒರೆಸಿ ಮತ್ತೆ ಕೂರಿಸೋಣ ಅಂತ ಚಿತ್ರವನ್ನು ಹೊರಗೆ ತೆಗೆದೆ. ಅಲ್ಲೇ ಕೈ ನಿಂತಿತು.

ಅದು ಯಡಿಯೂರು ಕೆರೆಯ ಜಲವರ್ಣ ಚಿತ್ರ. ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. 1984ರಲ್ಲಿ, ಸುತ್ತ ಇಷ್ಟು ಮನೆಗಳಿಲ್ಲದಿದ್ದಾಗ, ಬೆಳಗಿನ ಜಾವ ಸೈಕಲ್‌ನಲ್ಲಿ ಹೋಗಿ ಕೂತು ಬರೆದದ್ದು. ನಾನು ನೋಡ್ತಾ ಬಂದ ಚಿತ್ರದಲ್ಲಿ ಆಕಾಶ ತಿಳಿ ಬೂದು, ನೀರೂ ತಿಳಿ ಬೂದು. ಆದರೆ ಫ್ರೇಮಿನ ಒಳಗಿನ ಮೌಂಟ್ ಬೋರ್ಡ್ ಮುಚ್ಚಿಟ್ಟಿದ್ದ ಅಂಚಿನಲ್ಲಿ, ಸುತ್ತಲೂ ಅರ್ಧ ಇಂಚಿನಷ್ಟು ಅಗಲಕ್ಕೆ, ಆಕಾಶ ಗುಲಾಬಿ ಬಣ್ಣಕ್ಕಿತ್ತು. ಎಳೆ ಬಾಳೆಹೂವಿನ ಒಳಪದರದ ಹಾಗೆ.

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ನಾನು ಬರೆದಿದ್ದು ಸೂರ್ಯೋದಯ ಕಣಮ್ಮ. ಇದು ಯಾವಾಗ ಮಧ್ಯಾಹ್ನ ಆಯ್ತು?" ಅಂದರು.

ಯಾವಾಗ ಅನ್ನೋದು ನನಗೆ ಗೊತ್ತಿತ್ತು. ಆ ಚಿತ್ರದ ಮೇಲೆ ಫೋಕಸ್ ಲೈಟ್ ಹಾಕಿದ್ದು ನಾನೇ.

ಮೊದಲ ಸಂಬಳದ ಉಡುಗೊರೆ

2012ರಲ್ಲಿ ಲೈಟಿಂಗ್ ಡಿಸೈನ್ ಕೆಲಸಕ್ಕೆ ಸೇರಿದ್ದೆ. ಸೀರೆ ಅಂಗಡಿ, ಒಡವೆ ಅಂಗಡಿಗಳಿಗೆ ಬೆಳಕು ಹೊಂದಿಸೋ ಕೆಲಸ. ಜರಿ ಮಿನುಗಬೇಕು, ವಜ್ರ ಹೊಳೀಬೇಕು, ಗಿರಾಕಿ ಕಣ್ಣು ಅಲ್ಲೇ ನಿಲ್ಲಬೇಕು. ಮೊದಲ ಸಂಬಳದಲ್ಲಿ ಮಾವನಿಗೆ ಏನು ಕೊಡೋದು ಅಂತ ಯೋಚಿಸಿ ಒಂದು ಹ್ಯಾಲೊಜೆನ್ ಸ್ಪಾಟ್‌ಲೈಟ್ ತಂದು ಕೆರೆಯ ಚಿತ್ರಕ್ಕೆ ನೇರವಾಗಿ ಬೀಳುವ ಹಾಗೆ ಹಾಕಿಸಿದೆ. ಸ್ವಿಚ್ ಒತ್ತಿದಾಗ ಅತ್ತೆ "ಅಯ್ಯೋ, ಥೇಟ್ ಮ್ಯೂಸಿಯಂ ಥರಾನೇ ಇದೆ!" ಅಂದಿದ್ದರು. ಆರು ವರ್ಷ ದಿನಾ ಸಂಜೆ ಆ ದೀಪ ಉರಿಯಿತು.

ಪೇಂಟಿಂಗ್ ಕೆಲಸ ಮುಗಿದ ಮೇಲೆ, ಧೈರ್ಯ ಮಾಡಿ, ಬ್ಯಾಗಿನಲ್ಲಿದ್ದ ಲಕ್ಸ್ ಮೀಟರ್ ತೆಗೆದು ಅದೇ ಜಾಗದಲ್ಲಿ ಹಿಡಿದೆ. 600 ಲಕ್ಸ್.

ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋದರ ಅಳತೆ. ನೆತ್ತಿ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ನಿಮ್ಮ ಆಫೀಸಿನ ಟೇಬಲ್ ಮೇಲೆ 300ರಿಂದ 500. ಮ್ಯೂಸಿಯಂಗಳಲ್ಲಿ ಎಣ್ಣೆಬಣ್ಣದ ಚಿತ್ರಗಳಿಗೆ 150ರಿಂದ 200 ಲಕ್ಸ್ ತನಕ ಬಿಡ್ತಾರೆ. ಕಾಗದದ ಮೇಲಿನ ಜಲವರ್ಣಕ್ಕೆ ಬರೀ 50.

ಯಾಕಿಷ್ಟು ಜಿಪುಣತನ? ಬೆಳಕು ಬಣ್ಣದ ಕಣಗಳನ್ನು ಒಡೆಯುತ್ತೆ. ಜಲವರ್ಣದಲ್ಲಿ ಬಣ್ಣದ ಪದರ ತೀರಾ ತೆಳು. ಎಣ್ಣೆ, ವಾರ್ನಿಷ್‌ಗಳ ರಕ್ಷಣೆ ಇಲ್ಲ. ಅದರಲ್ಲೂ ಕೆಲವು ಕೆಂಪು, ಗುಲಾಬಿ ಬಣ್ಣಗಳು ಮೊದಲು ಹೋಗ್ತವೆ. ಹೋದದ್ದು ವಾಪಸ್ ಬರಲ್ಲ. ತೇವ ತಗುಲಿದ ಕಾಗದವನ್ನು ಒಣಗಿಸಬಹುದು, ಹರಿದದ್ದನ್ನು ಅಂಟಿಸಬಹುದು, ಗೆದ್ದಲು ತಿಂದ ಅಂಚನ್ನು ತುಂಬಬಹುದು. ಮಾಸಿದ ಬಣ್ಣಕ್ಕೆ ಮದ್ದಿಲ್ಲ.

ಇನ್ನೊಂದು ವಿಷಯ. ಬೆಳಕಿನ ಹಾನಿ ಬ್ಯಾಂಕ್ ಸಾಲದ ಬಡ್ಡಿ ಹಾಗೆ, ಕೂಡ್ತಾ ಹೋಗುತ್ತೆ. ಎಷ್ಟು ಲಕ್ಸ್ ಅನ್ನೋದನ್ನು ಎಷ್ಟು ಗಂಟೆ ಅನ್ನೋದರಿಂದ ಗುಣಿಸಬೇಕು. 50 ಲಕ್ಸ್, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ತೆರೆದಿಡುವ ಗ್ಯಾಲರಿಯಲ್ಲಿ ಚಿತ್ರಕ್ಕೆ ವರ್ಷಕ್ಕೆ 1,20,000 ಲಕ್ಸ್-ಗಂಟೆ ಬೆಳಕು ಬೀಳುತ್ತೆ. ನಾನು ಹಾಕಿದ ದೀಪ? 600 ಲಕ್ಸ್, ದಿನಕ್ಕೆ 5 ಗಂಟೆ, 365 ದಿನ. ವರ್ಷಕ್ಕೆ ಸುಮಾರು 11 ಲಕ್ಷ. ಆರು ವರ್ಷಕ್ಕೆ 65 ಲಕ್ಷ ದಾಟಿತು. ಒಂದು ಮ್ಯೂಸಿಯಂ 55 ವರ್ಷದಲ್ಲಿ ಖರ್ಚು ಮಾಡೋ ಬೆಳಕನ್ನು ನಾನು ಆರೇ ವರ್ಷದಲ್ಲಿ ಸುರಿದಿದ್ದೆ. ಪಡುವಣ ಕಿಟಕಿಯ ಬಿಸಿಲಿನ ಲೆಕ್ಕ ಬೇರೆ.

ಈ ಲೆಕ್ಕವನ್ನು ಮಾವನಿಗೆ ಒಪ್ಪಿಸುವಾಗ ನನ್ನ ಗಂಟಲು ಕಟ್ಟಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, ಬೈಯಲಿಲ್ಲ. "ಹಾಗಾದ್ರೆ ವೆಂಕಟಪ್ಪನವರ ಊಟಿ ಹೇಗಿದೆಯೋ, ನೋಡ್ಕೊಂಡು ಬರೋಣ ನಡಿ" ಅಂದರು.

ಕಸ್ತೂರಬಾ ರಸ್ತೆಯ ಬೂದು ಕಟ್ಟಡ

ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆದೆವು. ದಾರಿಯುದ್ದಕ್ಕೂ ಮಾವ ಕೆ. ವೆಂಕಟಪ್ಪನವರ ಕಥೆ ಹೇಳ್ತಾನೇ ಇದ್ದರು. 1886ರಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಆಶ್ರಯದಲ್ಲಿ ಕಲಿತು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರ ಬರೆದವರು. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು. ಮದುವೆಯಿಲ್ಲ, ಸಂಸಾರವಿಲ್ಲ, ಚಿತ್ರ, ಪ್ಲಾಸ್ಟರಿನ ಉಬ್ಬುಶಿಲ್ಪ, ವೀಣೆ ಇಷ್ಟೇ ಬದುಕು. ಊಟಿ, ಕೊಡೈಕೆನಾಲ್‌ಗಳಲ್ಲಿ ಕೂತು ಮಂಜು, ಬೆಟ್ಟ, ಬೆಳಕನ್ನು ಪುಟ್ಟ ಪುಟ್ಟ ಜಲವರ್ಣಗಳಲ್ಲಿ ಹಿಡಿದರು. 1965ರಲ್ಲಿ ತೀರಿಕೊಂಡರು.

ಅವರ ಹೆಸರಲ್ಲಿ ಸರ್ಕಾರ ಕಟ್ಟಿಸಿದ್ದೇ ವೆಂಕಟಪ್ಪ ಚಿತ್ರಶಾಲೆ. 1970ರ ದಶಕದ ಮಧ್ಯದಲ್ಲಿ ಬಾಗಿಲು ತೆರೆದ ಕಟ್ಟಡ. ಕೆ.ಕೆ. ಹೆಬ್ಬಾರರ ಕೃತಿಗಳಿಗೂ ಅಲ್ಲಿ ಜಾಗವಾಯಿತು. ಬಾಡಿಗೆ ಕಡಿಮೆ ಇದ್ದದ್ದರಿಂದ, ಖಾಸಗಿ ಗ್ಯಾಲರಿಗಳ ಮೆಟ್ಟಿಲು ಹತ್ತಲಾಗದ ಎಷ್ಟೋ ಎಳೆಯ ಕಲಾವಿದರು ತಮ್ಮ ಮೊದಲ ಪ್ರದರ್ಶನ ಇಟ್ಟದ್ದು ಇಲ್ಲೇ. ಮಾವ ಕೂಡ ಒಮ್ಮೆ ಮೂವರು ಮೇಷ್ಟ್ರುಗಳ ಜೊತೆ ಸೇರಿ ಒಂದು ವಾರ ಚಿತ್ರ ತೂಗುಹಾಕಿದ್ದರಂತೆ. ಎರಡು ಚಿತ್ರ ಮಾರಾಟವಾದವಂತೆ. ಕೆರೆಯ ಚಿತ್ರವನ್ನು ಮಾತ್ರ ಅತ್ತೆ ಮಾರೋಕೆ ಬಿಡಲಿಲ್ಲವಂತೆ.

ಪಕ್ಕದಲ್ಲೇ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ. ಸಂಸ್ಥೆ ಶುರುವಾದದ್ದು 1865ರಲ್ಲಿ, ರಿಚರ್ಡ್ ಸ್ಯಾಂಕಿ ವಿನ್ಯಾಸದ ಕಟ್ಟಡ 1877ರದ್ದು. ಅದರ ಮುಂದೆ ಜನ ನಿಂತು ಫೋಟೊ ತೆಗೆಸಿಕೊಳ್ತಾರೆ. ಕಂಬ, ಕಮಾನು ಎಲ್ಲ ಇದೆ. 'ಹಳೇ ಕಾಲದ್ದು' ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ವೆಂಕಟಪ್ಪ ಚಿತ್ರಶಾಲೆ ಮುಂದೆ ಯಾರೂ ಹಾಗೆ ನಿಲ್ಲಲ್ಲ. ಅಲಂಕಾರವಿಲ್ಲದ ಗೋಡೆ, ಚಪ್ಪಟೆ ಮೋಲ್ಡ್, ನೇರ ಗೆರೆ. ನಾನೂ ಚಿಕ್ಕವಳಿದ್ದಾಗ "ಇದೇನು ಮಾವ, ಸರ್ಕಾರಿ ಆಫೀಸ್ ಥರ ಇದೆ" ಅಂದಿದ್ದೆ.

ಆವತ್ತು ಮಾತ್ರ ನಿಧಾನವಾಗಿ ನೋಡಿದೆ. ಆಗ ಹೊಳೆದದ್ದು: ಇದು ನಮ್ಮ ಬನಶಂಕರಿಯ ಮನೆಗಳ ದಾಯಾದಿ! ಸಿಐಟಿಬಿ, ಆಮೇಲೆ ಬಿಡಿಎ ಸೈಟುಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಎದ್ದ ಮನೆಗಳನ್ನು ನೆನಪಿಸಿಕೊಳ್ಳಿ. ಚಪ್ಪಟೆ ಮೋಲ್ಡ್, ಕಿಟಕಿ ಮೇಲೆ ಉದ್ದನೆಯ ಸಜ್ಜ, ಮೆಟ್ಟಿಲ ಹತ್ತಿರ ಸಿಮೆಂಟ್ ಜಾಲಿ, ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ನೆಲ. ಅದನ್ನೂ ನಾವು 'ಹಳೇ ಮನೆ' ಅಂತೀವೇ ಹೊರತು 'ಪರಂಪರೆ' ಅನ್ನಲ್ಲ. ಕೆಡವಿ ನಾಲ್ಕು ಫ್ಲೋರ್ ಎಬ್ಬಿಸ್ತೀವಿ. ನನ್ನ ಸ್ವಂತ ಮನೆಯವರೂ ಮಾಡಿದ್ದು ಅದನ್ನೇ.

ಕಾಂಕ್ರೀಟಿಗೂ ವಯಸ್ಸಾಗುತ್ತೆ

ಆಧುನಿಕ ಶೈಲಿಯ ಕಟ್ಟಡಗಳಿಗೆ ಇದೇ ಗ್ರಹಚಾರ. ನೂರು ವರ್ಷದ ಗೌರವ ಬರುವಷ್ಟು ಹಳೆಯದಾಗಿರಲ್ಲ, ಹೊಸದರ ಹೊಳಪೂ ಇರಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ವಿನ್ಯಾಸ ಮಾಡಿದ ಹಾಲ್ ಆಫ್ ನೇಷನ್ಸ್ 1972ರದ್ದು. ಪರಂಪರೆಯ ಪಟ್ಟಿಗೆ ಸೇರಲು 60 ವರ್ಷ ಆಗಿರಬೇಕು ಅನ್ನೋ ಮಾನದಂಡದಲ್ಲಿ ಅದು ಪಾಸಾಗಲಿಲ್ಲ. 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದರು. ಪ್ರಪಂಚದ ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಇದ್ದ ಕಟ್ಟಡ ಅದು.

ಜೊತೆಗೆ ಕಾಂಕ್ರೀಟಿನ ಕಾಯಿಲೆಗಳು ಬೇರೆ. ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಹೆಚ್ಚು, ಹಾಗಾಗಿ ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿಯಲ್ಲ. ವರ್ಷಗಳು ಕಳೆದ ಹಾಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನಕ್ಕೆ ಒಳಗಿಳಿದು ಆ ಕ್ಷಾರವನ್ನು ಕಡಿಮೆ ಮಾಡುತ್ತೆ. ಮಳೆ ನೀರೂ ಸೇರಿದರೆ ಕಂಬಿಗೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಹಲವು ಪಟ್ಟು ಜಾಗ ಕೇಳುತ್ತೆ. ಮೇಲಿನ ಗಾರೆಯನ್ನು ಒಳಗಿನಿಂದ ತಳ್ಳಿ ಉದುರಿಸುತ್ತೆ. ನಿಮ್ಮ ಮನೆಯ ಸಜ್ಜದ ಕೆಳಗೆ ಗಾರೆ ಬಿದ್ದು ಕಂಬಿ ಕಾಣ್ತಿದ್ದರೆ ನಡೆದಿರೋದು ಇದೇ. ಅದರ ಮೇಲೆ ಬರೀ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೆ ಎರಡು ಮಳೆಗಾಲಕ್ಕೆ ಮತ್ತೆ ಉದುರುತ್ತೆ. ಸಡಿಲವಾದದ್ದನ್ನೆಲ್ಲ ಕಿತ್ತು, ಕಂಬಿಯ ತುಕ್ಕು ಉಜ್ಜಿ, ರಕ್ಷಣೆಯ ಲೇಪ ಕೊಟ್ಟು, ಆಮೇಲೆ ಗಾರೆ ತುಂಬಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಚಪ್ಪಟೆ ತಾರಸಿಯಲ್ಲಿ ಇಳಿಜಾರು ಸರಿಯಿಲ್ಲದಿದ್ದರೆ, ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ, ಎಂಥಾ ವಾಟರ್ ಪ್ರೂಫಿಂಗ್ ಕೂಡ ತಾಳಲ್ಲ.

ಚಿತ್ರ ಇರೋ ಕಟ್ಟಡದಲ್ಲಿ ಈ ಕ್ರಮ ತುಂಬಾ ಮುಖ್ಯ. ಮೊದಲು ತಾರಸಿ, ಆಮೇಲೆ ಗೋಡೆ, ಕೊನೆಗೆ ದೀಪ. ಉಲ್ಟಾ ಮಾಡೋದೇ ಹೆಚ್ಚು. ದೀಪ ಬೇಗ ಕಾಣುತ್ತೆ, ಉದ್ಘಾಟನೆಯ ಫೋಟೊದಲ್ಲಿ ಬರುತ್ತೆ. ತಾರಸಿ ಮೇಲಿನ ಇಳಿಜಾರಿನ ಫೋಟೊ ಯಾರು ತೆಗೀತಾರೆ?

ಸರಿಯಾಗಿ ಮಾಡಿದರೆ ಹೇಗಿರುತ್ತೆ ಅನ್ನೋದಕ್ಕೆ ಬರ್ಲಿನ್‌ನ ನೊಯಾ ನ್ಯಾಷನಲ್ ಗ್ಯಾಲರಿ ಇದೆ. ಮೀಸ್ ವಾನ್ ಡೆರ್ ರೋಹೆ ವಿನ್ಯಾಸ, 1968ರ ಕಟ್ಟಡ. ಡೇವಿಡ್ ಚಿಪ್ಪರ್‌ಫೀಲ್ಡ್ ಅವರ ಸಂಸ್ಥೆ ಸುಮಾರು 35,000 ಭಾಗಗಳನ್ನು ಬಿಚ್ಚಿ, ನಂಬರ್ ಹಾಕಿಟ್ಟು, ರಿಪೇರಿ ಮಾಡಿ, ಮತ್ತೆ ಅದದೇ ಜಾಗಕ್ಕೆ ಜೋಡಿಸಿತು. 2021ರಲ್ಲಿ ಮತ್ತೆ ತೆರೆದಾಗ ಏನೂ ಬದಲಾಗದ ಹಾಗಿತ್ತು. ಹಳೆಯ ದೀಪಗಳ ಕವಚ ಹಾಗೇ ಇಟ್ಟು, ಒಳಗೆ ಎಲ್‌ಇಡಿ ಕೂರಿಸಿದ್ದರು. ಇಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ಬಿಚ್ಚಿದ್ದನ್ನು ಎಸೆಯುವ ಮೊದಲು ನಂಬರ್ ಹಾಕಿಡೋಕೆ ಹೆಚ್ಚು ಹಣ ಬೇಡ.

ಯಾರ ಕಟ್ಟಡ?

ವೆಂಕಟಪ್ಪ ಚಿತ್ರಶಾಲೆಯ ವಿಷಯದಲ್ಲಿ ಪ್ರಶ್ನೆ ಬರೀ ಗಾರೆ, ದೀಪದ್ದಾಗಿರಲಿಲ್ಲ. 2015ರಲ್ಲಿ ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದ ಆಯಿತು. ಸುದ್ದಿ ತಿಳಿದ ಕಲಾವಿದರು ವ್ಯಾಗ್ ಫೋರಂ ಹೆಸರಿನಲ್ಲಿ ಒಟ್ಟಾಗಿ 2016ರಲ್ಲಿ ಅಂಗಳಕ್ಕಿಳಿದರು. ಅಲ್ಲೇ ಚಿತ್ರ ಬರೆದರು, ಹಾಡಿದರು, ಚರ್ಚೆ ನಡೆಸಿದರು. ಕೊನೆಗೆ ಆ ಒಪ್ಪಂದ ಮುಂದೆ ಹೋಗಲಿಲ್ಲ.

ಆಗ ನನ್ನ ಆಫೀಸಿನಲ್ಲಿ ಇದರ ಬಗ್ಗೆ ಮಾತಾಡುವಾಗ ನಾನು ಪ್ರತಿಷ್ಠಾನದ ಪರವೇ ಇದ್ದೆ. ದುಡ್ಡು ಹಾಕೋರು ಬಂದರೆ ಬೇಡ ಅನ್ನೋದ್ಯಾಕೆ, ಚೆಂದದ ಲೈಟಿಂಗ್ ಬರುತ್ತಲ್ಲ, ಅನ್ನೋದು ನನ್ನ ವಾದ. ಆವತ್ತು ಮಾವ ಅದಕ್ಕೆ ಕೊಟ್ಟ ಉತ್ತರ ಇದು: "ಚೆಂದ ಆಗೋದು ಬೇಡ ಅಂತ ಯಾರೂ ಹೇಳ್ಲಿಲ್ಲಮ್ಮ. ಚೆಂದ ಆದ್ಮೇಲೆ ನನ್ನಂಥ ಡ್ರಾಯಿಂಗ್ ಮೇಷ್ಟ್ರಿಗೆ ಒಂದು ವಾರ ಗೋಡೆ ಸಿಗುತ್ತಾ ಅಂತ ಕೇಳಿದ್ರು, ಅಷ್ಟೆ."

ಎರಡೂ ಕಡೆ ನ್ಯಾಯವಿತ್ತು ಅಂತ ಈಗ ಅನಿಸುತ್ತೆ. ಸೋರುವ ತಾರಸಿ ಘೋಷಣೆಯಿಂದ ನಿಲ್ಲಲ್ಲ, ಹಣ ಬೇಕು. ಆದರೆ ಕಟ್ಟಡ ಉಳಿದು, ಅದನ್ನು ಬಳಸ್ತಿದ್ದವರು ಹೊರಗುಳಿದರೆ ಉಳಿಸಿದ್ದೇನು? ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಖಾಸಗಿ ಪ್ರತಿಷ್ಠಾನದ ನೆರವಿನಿಂದ ನವೀಕರಣದ ಕೆಲಸ ಕೈಗೆತ್ತಿಕೊಂಡರು. ಅದನ್ನು ಅಳೆಯೋಕೆ ಮಾವನ ಪ್ರಶ್ನೆಯೇ ಸಾಕು.

ಒಬ್ಬರೇ ಕಲಾವಿದ, ಎರಡು ಬೆಳಕು

ಒಳಗೆ ಹೋದಾಗ ಮೊದಲು ನನಗೆ ಮಂದ ಅನಿಸಿತು. ಕೈ ಅಭ್ಯಾಸಬಲದಿಂದ ಬ್ಯಾಗಿನ ಮೀಟರ್ ಕಡೆ ಹೋಯಿತು. ಮಾವ ತೋಳು ಹಿಡಿದು ನಿಲ್ಲಿಸಿದರು. "ಐದು ನಿಮಿಷ ಸುಮ್ನೆ ನಿಂತ್ಕೊ. ಕಣ್ಣು ಪಳಗಲಿ."

ನಿಂತೆ. ಹೊರಗಿನ ಸಾವಿರಾರು ಲಕ್ಸ್‌ನಿಂದ ಬಂದ ಕಣ್ಣಿಗೆ 50 ಲಕ್ಸ್ ಕತ್ತಲೆಯೇ. ಆದರೆ ಪಾಪೆ ಅಗಲವಾಗೋಕೆ, ಕಣ್ಣಿನ ಪರದೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ಕೊಟ್ಟರೆ ಅದೇ ಬೆಳಕು ಸಾಕಾಗುತ್ತೆ. ಒಳ್ಳೆಯ ಕಲಾಶಾಲೆಯಲ್ಲಿ ಈ ಕೆಲಸವನ್ನು ಕಟ್ಟಡವೇ ಮಾಡಬೇಕು: ಬಿಸಿಲಿನಿಂದ ಸಜ್ಜದ ನೆರಳಿಗೆ, ನೆರಳಿನಿಂದ ಪಡಸಾಲೆಗೆ, ಪಡಸಾಲೆಯಿಂದ ಚಿತ್ರದ ಕೋಣೆಗೆ, ಮೆಟ್ಟಿಲು ಮೆಟ್ಟಿಲಾಗಿ ಬೆಳಕನ್ನು ಇಳಿಸಬೇಕು. ಇಂಥ ಪಡಸಾಲೆಯನ್ನು ನಾವು ಬಂದು 'ಸ್ವಾಗತ ಕೊಠಡಿ' ಅಂತ ಜಗಮಗ ಮಾಡಿದರೆ, ಒಳಗಿನ ಚಿತ್ರ ಮಂಕಾಗಿ ಕಾಣುತ್ತೆ. ಆಗ ಅಲ್ಲೂ ದೀಪ ಹೆಚ್ಚಿಸಿ ಅಂತಾರೆ. ಅಲ್ಲಿಗೆ ಚಿತ್ರದ ಆಯಸ್ಸು ಇಳಿಯಿತು.

ಸ್ವಲ್ಪ ಹೊತ್ತಿಗೆ ಊಟಿಯ ಬೆಟ್ಟ ಕಾಗದದಿಂದ ಎದ್ದು ಬಂತು. ಅಂಗೈ ಎರಡು ಸೇರಿಸಿದಷ್ಟು ಜಾಗದಲ್ಲಿ ಎಷ್ಟು ಥರದ ನೀಲಿ! ಮಾವ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.

ಆಮೇಲೆ ಅವರ ಪ್ಲಾಸ್ಟರ್ ಉಬ್ಬುಶಿಲ್ಪಗಳು. ಇಲ್ಲಿ ಕಥೆ ಪೂರ್ತಿ ಬೇರೆ. ಪ್ಲಾಸ್ಟರ್‌ಗೆ ಬೆಳಕಿನಿಂದ ಬಣ್ಣ ಹೋಗುವ ಭಯ ಇಲ್ಲ, ತೇವದ ಭಯ ಇದೆ. ಜಾಸ್ತಿ ಬೆಳಕು ಕೊಡಬಹುದು, ಆದರೆ ಎದುರಿನಿಂದ ಕೊಟ್ಟರೆ ಬೆರಳು, ಮುಖ, ಬಟ್ಟೆಯ ನೆರಿಗೆ ಎಲ್ಲ ಚಪ್ಪಟೆಯಾಗಿ ಬರೀ ಬಿಳಿ ಹಲಗೆಯಂತೆ ಕಾಣುತ್ತೆ. ಒಂದು ಪಕ್ಕದಿಂದ, ಓರೆಯಾಗಿ ಬಂದಾಗ ಮಾತ್ರ ನೆರಳು ಹುಟ್ಟಿ ಶಿಲ್ಪಕ್ಕೆ ಜೀವ ಬರುತ್ತೆ. ಒಂದೇ ಕಲಾವಿದ, ಒಂದೇ ಸೂರು, ಎರಡು ತದ್ವಿರುದ್ಧ ಬೆಳಕು. ಅಂಗಡಿಯಲ್ಲಿ ಮಾಡುವ ಹಾಗೆ ಒಂದೇ ಟ್ರ್ಯಾಕ್‌ಲೈಟ್ ಉದ್ದಕ್ಕೂ ಓಡಿಸಿದರೆ ಎರಡಕ್ಕೂ ಅನ್ಯಾಯ.

ಹೊರಗೋಡೆಗೂ ಇದೇ ಪಾಠ. ವಿಧಾನಸೌಧಕ್ಕೆ ಕೆಳಗಿನಿಂದ ದೀಪ ಹಾಕಿದರೆ ಕಂಬ, ಗೋಪುರ ಎದ್ದು ಕಾಣ್ತವೆ. ಬೋಳು ಗೋಡೆಯ ಆಧುನಿಕ ಕಟ್ಟಡಕ್ಕೆ ಬಣ್ಣಬಣ್ಣದ ಎಲ್‌ಇಡಿ ಚೆಲ್ಲಿದರೆ ಮದುವೆ ಛತ್ರ ಆಗುತ್ತೆ, ಅಷ್ಟೆ. ಅದರ ಅಂದ ಇರೋದು ಸಜ್ಜದ ಕೆಳಗಿನ ನೆರಳಿನಲ್ಲಿ, ಒಳಗಿನ ದೀಪ ಕಿಟಕಿಯಿಂದ ಇಣುಕುವುದರಲ್ಲಿ. ನಮ್ಮ ವೃತ್ತಿಯಲ್ಲಿ ಕಷ್ಟದ ಮಾತು ಅಂದರೆ "ಇಲ್ಲಿ ದೀಪ ಬೇಡ ಸಾರ್" ಅನ್ನೋದು. ಆ ಮಾತಿಗೆ ಬಿಲ್ ಮಾಡೋಕಾಗಲ್ಲ.

ನಿಮ್ಮ ಮನೆಯ ಗೋಡೆಗೆ

ಅಜ್ಜಿಯ ಕಸೂತಿ, ಮಗುವಿನ ಮೊದಲ ಚಿತ್ರ, ಅಪ್ಪ-ಅಮ್ಮನ ಮದುವೆಯ ಕಲರ್ ಫೋಟೊ. ಇವೆಲ್ಲವೂ ಜಲವರ್ಣದಷ್ಟೇ ನಾಜೂಕು. ಹಾಗಾಗಿ ಇಷ್ಟು ಮಾಡಿ:

- ಕಿಟಕಿಯ ಎದುರಿನ ಗೋಡೆ ಬಿಟ್ಟು, ಬಿಸಿಲು ನೇರ ಬೀಳದ ಒಳಗೋಡೆಗೆ ಹಾಕಿ.
- ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತೆ. ವಾಟ್ ಕಡಿಮೆ ಇರಲಿ, ಡಿಮ್ಮರ್ ಇದ್ದರೆ ಇನ್ನೂ ಒಳ್ಳೆಯದು.
- ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ ಸಿಆರ್‌ಐ ಸಂಖ್ಯೆ ನೋಡಿ. 90ಕ್ಕಿಂತ ಹೆಚ್ಚಿದ್ದರೆ ಕಡಿಮೆ ಬೆಳಕಿನಲ್ಲೂ ಬಣ್ಣ ಸರಿಯಾಗಿ ಕಾಣುತ್ತೆ.
- ನೋಡುವಾಗ ಮಾತ್ರ ದೀಪ ಹಾಕಿ. ರೂಮಿನಲ್ಲಿ ಯಾರೂ ಇಲ್ಲದಿದ್ದಾಗ ಉರಿಯುವ ದೀಪ ಚಿತ್ರಕ್ಕೆ ದಂಡ.
- ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ಚಿತ್ರ ಬೇಡ.
- ಇವತ್ತೇ ಒಂದು ಒಳ್ಳೆಯ ಫೋಟೊ ತೆಗೆದಿಡಿ. ಬಣ್ಣ ಎಷ್ಟು ಹೋಯಿತು ಅಂತ ಹತ್ತು ವರ್ಷದ ಮೇಲೆ ಹೇಳೋದು ಅದೊಂದೇ.

ಅರ್ಧ ಇಂಚಿನ ಬೆಳಗು

ವಾಪಸ್ ಬರುವಾಗ ಮೆಟ್ರೊದಲ್ಲಿ ಕೇಳಿದೆ: "ಮಾವ, ಆ ಗುಲಾಬಿ ಬಣ್ಣ ನಿಮಗೆ ಗೊತ್ತಿದೆಯಲ್ಲ. ಮೇಲೆ ತೆಳುವಾಗಿ ಮತ್ತೆ ಹಾಕಿಬಿಡಿ. ನಿಮ್ಮದೇ ಚಿತ್ರ ತಾನೇ?"

ಅವರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. "ಆವತ್ತು ಬರೆದವನಿಗೆ ಮೂವತ್ತು ವರ್ಷ. ನನಗೆ ಈಗ ಅರವತ್ತನಾಲ್ಕು, ಕೈ ನಡುಗುತ್ತೆ. ಅವನ ಚಿತ್ರದ ಮೇಲೆ ನಾನ್ಯಾಕೆ ಬರೀಲಿ?"

ಮುಂದಿನ ವಾರ ಇಬ್ಬರೂ ಫ್ರೇಮ್ ಅಂಗಡಿಗೆ ಹೋದೆವು. ಮೌಂಟ್ ಬೋರ್ಡನ್ನು ಈ ಸಲ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಅಂಚಿನ ಗುಲಾಬಿ ಪಟ್ಟಿ ಕಾಣುವ ಹಾಗೆ ಇಡಿ ಅಂದರು ಮಾವ. ಅಂಗಡಿಯವರಿಗೆ ಅರ್ಥವಾಗಲಿಲ್ಲ. "ಕಲೆ ಥರ ಕಾಣುತ್ತೆ ಸಾರ್, ಮುಚ್ಚಿಬಿಡೋಣ" ಅಂದರು. "ಇರಲಿ ಬಿಡಿ, ಎಷ್ಟು ಹೋಗಿದೆ ಅಂತ ಗೊತ್ತಾಗ್ಲಿ" ಅಂದರು ಮಾವ.

ಈಗ ಆ ಚಿತ್ರ ದೇವರ ಮನೆ ಪಕ್ಕದ ನಡುಮನೆಯಲ್ಲಿದೆ, ಕಿಟಕಿ ಇಲ್ಲದ ಗೋಡೆಗೆ. ಅತ್ತೆ ಹಳೆಯ ಮೈಸೂರು ಸಿಲ್ಕ್ ಸೀರೆಯ ಸೆರಗಿನಿಂದ ಒಂದು ಪುಟ್ಟ ಪರದೆ ಹೊಲಿದಿದ್ದಾರೆ. ನಾನು ಹಾಕಿದ್ದು ಒಂದೇ ಒಂದು ಸಣ್ಣ ಎಲ್‌ಇಡಿ; ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ಸ್ವಿಚ್, ಕಾಲಿಂಗ್ ಬೆಲ್‌ನದು. ಮೀಟರ್ ಹಿಡಿದು ನೋಡಿದ್ದೀನಿ, 48 ಲಕ್ಸ್.

ಮನೆಗೆ ಬಂದವರಿಗೆ ಮಾವ ಪರದೆ ಸರಿಸಿ ತೋರಿಸ್ತಾರೆ. ಮೊದಲು ಮಧ್ಯದ ಬೂದು ಆಕಾಶ, ಆಮೇಲೆ ಅಂಚಿನ ಗುಲಾಬಿ. "ಇಷ್ಟೂ ಹೀಗಿತ್ತು" ಅಂತಾರೆ. ಯಾರ ದೀಪದಿಂದ ಹೋಯಿತು ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅದಕ್ಕೇ ನಾನಿಲ್ಲಿ ಬರೆದೆ.